ಕಡಲ ಶಾರ್ಕ್‌ಗೆ ಕಾಲ ಬೇಕು, ಹಳ್ಳದ ಕಪ್ಪೆಗೆ ನೆರಳು ಬೇಕು

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ವೇಲ್ ಶಾರ್ಕ್ ಬಗ್ಗೆ ಬರೆಯುತ್ತ, ‘ನಮ್ಮ ಮಲೆನಾಡಿನ ಕುಣಿಯುವ ಕಪ್ಪೆಯ ಪಾಡೂ ಇದೇ’ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಇಡೀ ಬರಹಕ್ಕೆ ಬರಲಿಲ್ಲ. ಮಲ್ಪೆಯ ಬಂದರಿನಿಂದ, ಶಿರಸಿಯ ತೋಟದಿಂದ, ದೂರದ ಕತಾರ್‌ನಿಂದಲೂ ಬರೆದಿದ್ದೀರಿ. ಎಲ್ಲವನ್ನೂ ಓದಿದ ಮೇಲೆ ನನ್ನ ಸಾಲನ್ನು ತಿದ್ದಬೇಕು ಅನ್ನಿಸಿತು. ಎರಡರ ಪಾಡೂ ಒಂದೇ, ನಿಜ. ಆದರೆ ಆ ಪಾಡಿಗೆ ಬಂದ ದಾರಿ ಬೇರೆ ಬೇರೆ. ದಾರಿ ಬೇರೆಯಾದ ಮೇಲೆ ಮದ್ದೂ ಬೇರೆಯೇ. ಈ ಸಲದ ಉತ್ತರಗಳಲ್ಲಿ ಅದನ್ನೇ ಬಿಡಿಸಿ ಹೇಳಲು ನೋಡಿದ್ದೇನೆ.

ಪ್ರಶ್ನೆ: ಮೇಡಂ, ಕಾಲೇಜಿನ ಸೆಮಿನಾರ್‌ಗೆ ಅಳಿವಿನಂಚಿನ ಒಂದು ಶಾರ್ಕನ್ನೂ ಒಂದು ಕಪ್ಪೆಯನ್ನೂ ಹೋಲಿಸಿ ಮಾತಾಡಬೇಕು. ನಿಮ್ಮ ಬರಹ ಓದಿ ವೇಲ್ ಶಾರ್ಕ್ ಮತ್ತು ಕುಣಿಯುವ ಕಪ್ಪೆ ಆರಿಸಿಕೊಂಡೆ. ‘ಆನೆಗೂ ಇರುವೆಗೂ ಎಂಥ ಹೋಲಿಕೆ’ ಅಂತ ಗೆಳತಿಯರು ನಗುತ್ತಾರೆ. ಎಲ್ಲಿಂದ ಶುರು ಮಾಡಲಿ?
— ಪದವಿ ವಿದ್ಯಾರ್ಥಿನಿ, ಸಿದ್ದಾಪುರ (ಉತ್ತರ ಕನ್ನಡ)

ಉತ್ತರ: ಗೆಳತಿಯರು ನಕ್ಕ ಜಾಗದಿಂದಲೇ ಶುರು ಮಾಡಿ. ವೇಲ್ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. ಚೆನ್ನಾಗಿ ಬೆಳೆದದ್ದು 12 ಮೀಟರ್ ಉದ್ದ ಇರುತ್ತದೆ, ಅದಕ್ಕೂ ದೊಡ್ಡವು ಸಿಕ್ಕಿದ್ದಿದೆ. ಕುಣಿಯುವ ಕಪ್ಪೆ ಎರಡೂವರೆ ಸೆಂಟಿಮೀಟರ್ ಆಸುಪಾಸು, ಹೆಬ್ಬೆರಳ ತುದಿಯ ಮೇಲೆ ಕೂರುವಷ್ಟು. ಒಂದು ಶಾರ್ಕ್‌ನ ಉದ್ದಕ್ಕೆ 480 ಕಪ್ಪೆಗಳನ್ನು ಸಾಲಾಗಿ ಕೂರಿಸಬೇಕು.

ಈ ಎರಡು ಜೀವಿಗಳು ಒಂದೇ ಮಾತಿನಲ್ಲಿ ಬರಲು ಕಾರಣವಿದೆ. ಶಾರ್ಕ್, ತೊರಕೆಯಂಥ ಮೃದ್ವಸ್ಥಿ ಮೀನುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪ್ರಭೇದಗಳು ಅಳಿಯುವ ಅಪಾಯದಲ್ಲಿವೆ ಎಂದು 2021ರ ಜಾಗತಿಕ ಸಮೀಕ್ಷೆ ಹೇಳಿತು. 2023ರಲ್ಲಿ 8,011 ಉಭಯಚರ ಪ್ರಭೇದಗಳ ಲೆಕ್ಕ ಬಂತು. ಅವುಗಳಲ್ಲಿ ನೂರಕ್ಕೆ 41 ಅಪಾಯದಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳ ದೊಡ್ಡ ಗುಂಪುಗಳಲ್ಲಿ ಹಕ್ಕಿಗಳ ಸ್ಥಿತಿಯಾಗಲಿ ಸಸ್ತನಿಗಳ ಸ್ಥಿತಿಯಾಗಲಿ ಇಷ್ಟು ಕೆಟ್ಟಿಲ್ಲ.

ಇನ್ನು ವ್ಯತ್ಯಾಸ. ವೇಲ್ ಶಾರ್ಕ್ ಒಂದೇ ಒಂದು ಪ್ರಭೇದ, ಭೂಮಿಯ ಬೆಚ್ಚಗಿನ ಕಡಲುಗಳೆಲ್ಲ ಅದರ ಮನೆ. ಪನಾಮಾದ ಬಳಿ ಟ್ಯಾಗ್ ಹಾಕಿದ ಒಂದು ಹೆಣ್ಣು ಪೆಸಿಫಿಕ್ ಸಾಗರವನ್ನು ದಾಟಿ 20,000 ಕಿಲೋಮೀಟರಿಗೂ ಹೆಚ್ಚು ಈಜಿದ ದಾಖಲೆಯಿದೆ. ಕುಣಿಯುವ ಕಪ್ಪೆಗಳಲ್ಲಿ 24 ಪ್ರಭೇದಗಳು, ಇಪ್ಪತ್ನಾಲ್ಕೂ ಪಶ್ಚಿಮ ಘಟ್ಟದಲ್ಲಿ ಮಾತ್ರ. ಅವುಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಬೆರಳೆಣಿಕೆಯ ಹಳ್ಳಗಳೇ ಜಗತ್ತು. ಐಯುಸಿಎನ್ ಕೆಂಪು ಪಟ್ಟಿಯಲ್ಲಿ 2016ರಿಂದ ವೇಲ್ ಶಾರ್ಕ್ ‘ಅಳಿವಿನಂಚಿನ’ ಪ್ರಾಣಿ. ಅದೇ ಅಳತೆಗೋಲಿನಲ್ಲಿ ಕುಣಿಯುವ ಕಪ್ಪೆಗಳ 15 ಪ್ರಭೇದಗಳು ‘ಅಳಿವಿನಂಚಿನ’, ಎರಡು ‘ತೀವ್ರ ಅಳಿವಿನಂಚಿನ’ ವರ್ಗದವು.

ನಿಮ್ಮ ಹೋಲಿಕೆಗೆ ಮೂರು ಪ್ರಶ್ನೆ ಸಾಕು. ಎಲ್ಲಿ ಬದುಕುತ್ತದೆ? ಎಷ್ಟು ಬೇಗ ಮರಿ ಮಾಡುತ್ತದೆ? ಯಾವುದರಿಂದ ಸಾಯುತ್ತದೆ? ಉತ್ತರ ಹುಡುಕುತ್ತ ಹೋದರೆ ನಿಮಗೇ ಕಾಣುತ್ತದೆ: ಶಾರ್ಕ್‌ಗೆ ಇರುವುದು ಕಾಲದ ಕೊರತೆ, ಕಪ್ಪೆಗೆ ಇರುವುದು ಜಾಗದ ಕೊರತೆ.

ಪ್ರಶ್ನೆ: ನಮ್ಮ ಕೊಟ್ಟಿಗೆಹಾರದ ಹೆಸರನ್ನೇ ಒಂದು ಕಪ್ಪೆಗೆ ಇಟ್ಟಿದ್ದಾರಂತೆ, ನಿಜವೇ? ಮಕ್ಕಳು ‘ಕಪ್ಪೆ ಯಾಕೆ ಕುಣಿಯುತ್ತೆ ಸಾರ್’ ಎಂದು ಕೇಳುತ್ತಾರೆ. ಏನು ಹೇಳಲಿ?
— ಪ್ರೌಢಶಾಲಾ ಶಿಕ್ಷಕರು, ಮೂಡಿಗೆರೆ

ಉತ್ತರ: ನಿಜ. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂಬುದು ಅದರ ಹೆಸರು. 1937ರಲ್ಲಿ ಅದನ್ನು ಮೊದಲು ವಿವರಿಸಿದವರು ಸಿ.ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು, 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ನಮ್ಮ ಕಪ್ಪೆಗಳಿಗೆ ಹೆಸರು ಕೊಟ್ಟ ಅವರ ಹೆಸರನ್ನು 2010ರಲ್ಲಿ ಮರಗಪ್ಪೆಗಳ ಒಂದು ಕುಲಕ್ಕೆ ಇಡಲಾಯಿತು: ರಾವೋರ್ಕೆಸ್ಟಿಸ್. ಇದನ್ನೂ ಮಕ್ಕಳಿಗೆ ಹೇಳಿ.

ಕುಣಿತದ ವಿಷಯ. ಈ ಕಪ್ಪೆ ಇರುವುದು ಕಲ್ಲಿನ ಮೇಲೆ ಭೋರ್ಗರೆದು ಹರಿಯುವ ಹಳ್ಳದಲ್ಲಿ. ಆ ಸದ್ದಿನಲ್ಲಿ ಬೆರಳುದ್ದವೂ ಇಲ್ಲದ ಕಪ್ಪೆ ಎಷ್ಟು ಕೂಗಿದರೂ ಆಚೆ ಬಂಡೆಗೆ ಕೇಳುವುದು ಕಷ್ಟ. ಹಾಗಾಗಿ ಗಂಡು ಮೊದಲು ಕೂಗುತ್ತದೆ, ಆಮೇಲೆ ಒಂದು ಹಿಂಗಾಲನ್ನು ಹಿಂದಕ್ಕೆ ನೀಳವಾಗಿ ಚಾಚಿ ಬೆರಳುಗಳನ್ನು ಅಗಲಿಸುತ್ತದೆ. ಬೆರಳ ನಡುವಿನ ಬಿಳಿ ಪೊರೆ ಒದ್ದೆ ಕಪ್ಪು ಬಂಡೆಯ ಮುಂದೆ ಪುಟ್ಟ ಬಾವುಟದಂತೆ ಮಿಂಚುತ್ತದೆ. ‘ಇದು ನನ್ನ ಕಲ್ಲು, ಹತ್ತಿರ ಬರಬೇಡ’ ಎಂದು ಬೇರೆ ಗಂಡಿಗೆ ಅದು ಕೊಡುವ ಎಚ್ಚರಿಕೆ. ಕೇಳದೆ ಹತ್ತಿರ ಬಂದವನಿಗೆ ಅದೇ ಕಾಲಿನಿಂದ ಒದೆಯೂ ಬೀಳುತ್ತದೆ. ಈ ಕಾಲಿನ ಭಾಷೆಯನ್ನು ಕರ್ನಾಟಕದ ಹಳ್ಳಗಳಲ್ಲೇ ಕೂತು ಸಂಶೋಧಕರು ಅಧ್ಯಯನ ಮಾಡಿದ್ದಾರೆ.

2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಒಂದೇ ಸಲಕ್ಕೆ 14 ಹೊಸ ಕುಣಿಯುವ ಕಪ್ಪೆಗಳನ್ನು ಪರಿಚಯಿಸಿದರು. ಎರಡು ವರ್ಷದ ನಂತರ ಇನ್ನೊಂದು ಗುಟ್ಟು ಹೊರಬಿತ್ತು. ಹೆಣ್ಣು ಕಪ್ಪೆ ಹಳ್ಳದ ತಳವನ್ನು ಹಿಂಗಾಲಿನಿಂದ ತೋಡಿ ಮೊಟ್ಟೆ ಹುದುಗಿಸುವುದು ಗೊತ್ತಿತ್ತು, ಆದರೆ ಮರಿಗಳು ಯಾರಿಗೂ ಕಂಡಿರಲಿಲ್ಲ. ಕೇರಳದ ಒಂದು ಪ್ರಭೇದದಲ್ಲಿ ಅವು ಸಿಕ್ಕಿದವು, ಹಳ್ಳದ ಮರಳಿನ ಒಳಗೆ! ಹಾವುಮೀನಿನಂಥ ತೆಳ್ಳಗಿನ ಮೈ, ಕಣ್ಣಿನ ಮೇಲೂ ಚರ್ಮದ ಹೊದಿಕೆ. ಕಾಲು ಮೂಡಿ ಕಪ್ಪೆಯಾಗುವವರೆಗೆ ಅವು ಅಲ್ಲೇ ಕತ್ತಲಲ್ಲಿ ಬೆಳೆಯುತ್ತವೆ.

ಮಕ್ಕಳನ್ನು ಹಳ್ಳಕ್ಕೆ ಕರೆದೊಯ್ದರೆ ದಡದಲ್ಲೇ ಕೂರಿಸಿ, ನೀರಿಗೆ ಇಳಿಸಬೇಡಿ. ಅವರ ಕಾಲ ಕೆಳಗಿನ ಮರಳೇ ಕಪ್ಪೆಯ ತೊಟ್ಟಿಲು.

ಪ್ರಶ್ನೆ: ಹಿಂದೊಮ್ಮೆ ನಮ್ಮ ಬಲೆಗೆ ಮೈಯೆಲ್ಲ ಬಿಳಿ ಚುಕ್ಕೆಯಿದ್ದ ದೊಡ್ಡ ತಾಟೆ (ಶಾರ್ಕ್) ಬಿತ್ತು. ಬಲೆ ಕತ್ತರಿಸಿ ಬಿಟ್ಟೆವು. ಅದು ವೇಲ್ ಶಾರ್ಕ್ ಎಂದು ಆಮೇಲೆ ತಿಳಿಯಿತು. ಬಲೆಯ ನಷ್ಟ ನಮ್ಮ ತಲೆಗೆ ಬಂತು. ಒಂದೇ ಹೊಟ್ಟೆಯಲ್ಲಿ ಮುನ್ನೂರು ಮರಿ ಇರುವ ಮೀನು ಅಳಿಯುವುದು ಹೇಗೆ? ಬಂಗುಡೆಯ ಹಾಗೆ ಮತ್ತೆ ತುಂಬಿಕೊಳ್ಳುವುದಿಲ್ಲವೇ?
— ಬೋಟಿನ ತಾಂಡೇಲರು, ಮಲ್ಪೆ

ಉತ್ತರ: ತಾಂಡೇಲರೇ, ಮೊದಲು ನಿಮಗೆ ನಮಸ್ಕಾರ. ನಷ್ಟ ಗೊತ್ತಿದ್ದೂ ಬಲೆ ಕತ್ತರಿಸುವುದು ಸಣ್ಣ ಮಾತಲ್ಲ.

ಬಂಗುಡೆ ಹುಟ್ಟಿದ ಒಂದು ವರ್ಷದ ಸುಮಾರಿಗೆ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತದೆ. ವೇಲ್ ಶಾರ್ಕ್ ಆ ವಯಸ್ಸಿಗೆ ಬರಲು 25ರಿಂದ 30 ವರ್ಷ ಬೇಕು. ನೀವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹುಟ್ಟಿದ ಮರಿ ಈಗಷ್ಟೇ ಪ್ರಾಯಕ್ಕೆ ಬಂದು ನಿಮ್ಮ ಬಲೆಗೆ ಬಿದ್ದಿರಬಹುದು. ಅದನ್ನು ಕೊಂದರೆ ಹೋಗುವುದು ಒಂದು ಮೀನು ಮಾತ್ರವಲ್ಲ, ಕಾಲು ಶತಮಾನದ ಕಾಯುವಿಕೆ. ಮುನ್ನೂರು ಮರಿಯ ಲೆಕ್ಕ ಬಂದದ್ದು 1995ರಲ್ಲಿ ತೈವಾನ್‌ನಲ್ಲಿ ಹಿಡಿದ ಒಂದು ಬಸುರಿ ಶಾರ್ಕ್‌ನಿಂದ. ಅದರೊಳಗೆ 304 ಮರಿಗಳಿದ್ದವು. ಎರಡು ಮೊಳವೂ ಇಲ್ಲದ ಅಂಥ ಮರಿಗಳಲ್ಲಿ ಎಷ್ಟನ್ನು ದೊಡ್ಡ ಮೀನುಗಳು ನುಂಗುತ್ತವೋ ಲೆಕ್ಕವಿಲ್ಲ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿ 75 ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇ 63ರಷ್ಟು ಕುಸಿದಿದೆ ಎಂದು ಕೆಂಪು ಪಟ್ಟಿಯ ಅಂದಾಜು ಹೇಳುತ್ತದೆ.

ಗುಜರಾತಿನ ವೆರಾವಲ್ ಕಡೆ ಇವನ್ನು ಬೇಟೆಯಾಡಿ ಕೊಲ್ಲುತ್ತಿದ್ದರು. ಯಕೃತ್ತಿನ ಎಣ್ಣೆಯನ್ನು ದೋಣಿಗೆ ನೀರು ಹಿಡಿಯದಂತೆ ಬಳಿಯಲು ಇಟ್ಟುಕೊಂಡು, ಮಾಂಸವನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಕೊಕ್ಕೆಗೆ ಬ್ಯಾರಲ್ ಕಟ್ಟಿ ಬೇಟೆಯಾಡುತ್ತಿದ್ದರಿಂದ ಮೀನಿಗೇ ‘ಬ್ಯಾರಲ್’ ಎಂಬ ಹೆಸರು ಬಿದ್ದಿತ್ತು. ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ ಈ ಕೊಲೆಯನ್ನು ದೇಶಕ್ಕೆ ತೋರಿಸಿತು. 2001ರ ಮೇ ತಿಂಗಳಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ವೇಲ್ ಶಾರ್ಕ್ ಸೇರಿತು. ಹುಲಿಯನ್ನು ಕೊಂದರೆ ಎಷ್ಟು ಶಿಕ್ಷೆಯೋ ಇದನ್ನು ಕೊಂದರೂ ಅಷ್ಟೇ: ಮೂರರಿಂದ ಏಳು ವರ್ಷ ಸೆರೆ.

ಆದರೆ ಮನಸ್ಸು ತಿರುಗಿಸಿದ್ದು ಕಾಯ್ದೆಗಿಂತ ಹೆಚ್ಚಾಗಿ ಒಂದು ಮಾತು. 2004ರಿಂದ ಗುಜರಾತ್ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಟಾಟಾ ಕೆಮಿಕಲ್ಸ್ ನಡೆಸಿದ ಅಭಿಯಾನಕ್ಕೆ ಕಥಾವಾಚಕ ಮೊರಾರಿ ಬಾಪು ದನಿಯಾದರು. ‘ಇವಳು ನಮ್ಮ ವ್ಹಾಲಿ, ಹೆರಿಗೆಗೆ ತವರಿಗೆ ಬಂದ ಮುದ್ದಿನ ಮಗಳು. ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ?’ ಎಂಬ ಭಾವ ಮನೆಮನೆಗೆ ಮುಟ್ಟಿತು. ಬೇಟೆಯಾಡಿದ ಕೈಗಳೇ ಬಲೆ ಕತ್ತರಿಸಿ ನೂರಾರು ಶಾರ್ಕ್‌ಗಳನ್ನು ಬಿಟ್ಟವು. ಮೀನುಗಾರರೇ ಫೋಟೊ ತೆಗೆದು ತೋರಿಸಿದರೆ ಅಲ್ಲಿನ ಅರಣ್ಯ ಇಲಾಖೆ ಬಲೆಗೆ ಪರಿಹಾರ ಕೊಡುತ್ತದೆ. ಕಡಲನ್ನು ಕಾಯುವ ಖರ್ಚು ಕಡಲಿಗೆ ಹೋಗುವ ಬಡವನ ತಲೆಗೇ ಬರಬಾರದು. ನಿಮ್ಮ ಸಂಘದ ಮೂಲಕ ಇದನ್ನು ಗಟ್ಟಿಯಾಗಿ ಕೇಳಿ, ಕೇಳುವ ಹಕ್ಕು ನಿಮಗಿದೆ.

ಮತ್ತೊಮ್ಮೆ ಬಿದ್ದರೆ ಎಂಜಿನ್ ನಿಲ್ಲಿಸಿ, ಮೀನನ್ನು ನೀರಲ್ಲೇ ಇಟ್ಟುಕೊಂಡು ಬಲೆ ಬಿಡಿಸಿ. ಬಾಲಕ್ಕೆ ಹಗ್ಗ ಹಾಕಿ ಎಳೆಯಬೇಡಿ, ಮೇಲೆತ್ತಬೇಡಿ. ನೀರಿನಾಚೆ ಅದರ ಮೈಭಾರವೇ ಅದನ್ನು ಜಜ್ಜುತ್ತದೆ.

ಪ್ರಶ್ನೆ: ತಂಗೀ, ಮಗಳು ಹೆರಿಗೆಗೆ ಮನೆಗೆ ಬಂದಿದ್ದಾಳೆ. ಬಾಣಂತಿಗೆ ಎದೆಹಾಲು ಹೆಚ್ಚಲಿ ಅಂತ ತಾಟೆ ಮರಿಯ ಸಾರು ಮಾಡಿಕೊಡುವುದು ನಮ್ಮ ಕಡೆ ಮೊದಲಿನಿಂದ ಇದೆ. ನಿಮ್ಮ ಬರಹ ಓದಿದ ಮೇಲೆ ಮೀನು ಕೊಳ್ಳಲು ಕೈ ಬರುತ್ತಿಲ್ಲ. ತಪ್ಪೇ?
— ಒಬ್ಬ ತಾಯಿ, ಕುಂದಾಪುರ ತಾಲ್ಲೂಕು

ಉತ್ತರ: ಅಮ್ಮ, ನೀವು ತಪ್ಪು ಮಾಡಿದಿರಿ ಎಂದು ಯಾರೂ ಹೇಳಲಾರರು. ಪೇಟೆಯ ಬುಟ್ಟಿಯಲ್ಲಿ ಬರುವ ತಾಟೆ ಮರಿ ವೇಲ್ ಶಾರ್ಕ್ ಅಲ್ಲ. ಅವು ಬೇರೆ ಸಣ್ಣ ಜಾತಿಗಳು, ಇಲ್ಲವೇ ದೊಡ್ಡ ಜಾತಿಗಳ ಎಳೆ ಮರಿಗಳು. ತೊಂದರೆ ಇರುವುದು ಈ ಎರಡನೆಯದರಲ್ಲಿ. ಸುತ್ತಿಗೆಯಂಥ ತಲೆಯ ಶಾರ್ಕ್‌ನ ಮರಿಗಳೂ ಹೀಗೆ ಮಾರಾಟಕ್ಕೆ ಬರುತ್ತವೆ. ಆ ಗುಂಪಿನ ಕೆಲವು ‘ತೀವ್ರ ಅಳಿವಿನಂಚಿನ’ ಪಟ್ಟಿಯಲ್ಲಿವೆ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳು 1970ರಿಂದೀಚೆಗೆ ಶೇ 71ರಷ್ಟು ಕಡಿಮೆಯಾಗಿವೆ. ಪ್ರಾಯಕ್ಕೆ ಬರುವ ಮೊದಲೇ ಮರಿಗಳನ್ನು ಹಿಡಿದರೆ ಈ ಇಳಿತ ನಿಲ್ಲುವುದಿಲ್ಲ.

ಮಗಳ ವಿಷಯಕ್ಕೆ ಬಂದರೆ ಇನ್ನೊಂದು ಮಾತು ಹೇಳಲೇಬೇಕು. ಪೇಟೆಗೆ ಬರುವ ಇಂಥ ಶಾರ್ಕ್ ಬೇರೆ ಮೀನುಗಳನ್ನು ತಿಂದು ಬದುಕುವ ಮೀನು. ಕಡಲಲ್ಲಿರುವ ಪಾದರಸ ತಿಂದ ಮೀನಿನಿಂದ ತಿನ್ನುವ ಮೀನಿಗೆ ಹೋಗುತ್ತ ಅದರ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಅದಕ್ಕಾಗಿಯೇ ಬಸುರಿಯರೂ ಹಾಲೂಡುವ ತಾಯಂದಿರೂ ಶಾರ್ಕ್ ತಿನ್ನಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಲಹೆ ಕೊಟ್ಟಿದೆ. ಎದೆಹಾಲಿಗೆ ಬೇಕಾದದ್ದು ಹೊಟ್ಟೆ ತುಂಬ ಪೌಷ್ಟಿಕ ಊಟ, ನೀರು, ನಿದ್ದೆ, ಮಗುವಿಗೆ ಮತ್ತೆ ಮತ್ತೆ ಹಾಲೂಡಿಸುವುದು. ಬೂತಾಯಿ, ಬಂಗುಡೆ, ಬೇಳೆ, ಮೊಟ್ಟೆ ಎಲ್ಲವೂ ಆಗುತ್ತದೆ. ತಾಟೆ ಬಿಟ್ಟು ಬೂತಾಯಿ ಕೊಟ್ಟರೆ ಮಗುವಿಗೂ ಒಳ್ಳೆಯದು, ಕಡಲಿಗೂ ಒಳ್ಳೆಯದು.

ಪ್ರಶ್ನೆ: ನಾನು ಕತಾರ್‌ನ ಸಮುದ್ರದ ಎಣ್ಣೆ ಬಾವಿಗಳಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ನಮ್ಮ ಪ್ಲಾಟ್‌ಫಾರ್ಮ್ ಸುತ್ತ ವೇಲ್ ಶಾರ್ಕ್‌ಗಳು ಗುಂಪಾಗಿ ಬರುತ್ತವೆ. ಇಷ್ಟೊಂದು ಇರುವಾಗ ಅಳಿವಿನಂಚಿನದು ಹೇಗಾಗುತ್ತದೆ? ಇವನ್ನು ಎಣಿಸುವವರು ಯಾರು?
— ತಂತ್ರಜ್ಞ, ದೋಹಾ (ಊರು ಭಟ್ಕಳ)

ಉತ್ತರ: ಜಗತ್ತಿನ ಅಪರೂಪದ ನೋಟಗಳಲ್ಲಿ ಒಂದನ್ನು ನೀವು ಕೆಲಸದ ಬಿಡುವಿನಲ್ಲಿ ನೋಡುತ್ತಿದ್ದೀರಿ. ಅಲ್ ಶಾಹೀನ್ ತೈಲಕ್ಷೇತ್ರದ ಸುತ್ತ ಒಂದೇ ಸಲ ನೂರರಷ್ಟು ವೇಲ್ ಶಾರ್ಕ್‌ಗಳು ಸೇರಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಟ್ಯೂನಾ ಜಾತಿಯ ಮೀನುಗಳು ಅಲ್ಲಿ ಇಡುವ ಮೊಟ್ಟೆಗಳೇ ಅವುಗಳಿಗೆ ಔತಣ. ಜಾತ್ರೆಯಲ್ಲಿ ಜನ ಕಿಕ್ಕಿರಿದರು ಎಂದ ಮಾತ್ರಕ್ಕೆ ಸುತ್ತಲ ಹಳ್ಳಿಗಳಲ್ಲಿ ಜನ ಹೆಚ್ಚಿದ್ದಾರೆ ಎಂದಲ್ಲ. ದೊಡ್ಡ ಕಡಲ ತುಂಬ ಚದುರಿದವು ಊಟವಿದ್ದಲ್ಲಿ ಕೆಲವು ದಿನ ಸೇರುತ್ತವೆ, ಅಷ್ಟೇ.

ಎಣಿಕೆಯ ವಿಧಾನ ಚೆಂದವಾಗಿದೆ. ಪ್ರತಿ ವೇಲ್ ಶಾರ್ಕ್‌ನ ಚುಕ್ಕೆಗಳ ವಿನ್ಯಾಸ ಬೇರೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಆಕಾಶದ ನಕ್ಷತ್ರಗಳ ಚಿತ್ರಗಳನ್ನು ಹೊಂದಿಸಲು ಖಗೋಳ ವಿಜ್ಞಾನಿಗಳು ಬಳಸುತ್ತಿದ್ದ ಲೆಕ್ಕಾಚಾರವನ್ನೇ ಈ ಚುಕ್ಕೆಗಳಿಗೆ ಹೊಂದಿಸಿದ್ದಾರೆ. ಎಡಮಗ್ಗುಲಲ್ಲಿ ಕಿವಿರಿನ ಹಿಂದಿನ ಭಾಗ ಸ್ಪಷ್ಟವಾಗಿ ಕಾಣುವ ಫೋಟೊ ಸಿಕ್ಕರೆ ‘ಶಾರ್ಕ್‌ಬುಕ್’ ಎಂಬ ಮುಕ್ತ ದಾಖಲೆಗೆ ಸೇರಿಸಿ. ಅದೇ ಮೀನು ಮುಂದೆ ಎಲ್ಲಿ ಕಂಡರೂ ಗುರುತು ಹತ್ತುತ್ತದೆ.

ನಿಮ್ಮ ಹಡಗಿನವರಿಗೆ ಇನ್ನೊಂದು ವಿಷಯ ತಿಳಿಸಿ. ಟ್ಯಾಗ್ ಹಾಕಿದ ಸುಮಾರು 350 ವೇಲ್ ಶಾರ್ಕ್‌ಗಳ ದಾರಿಯನ್ನೂ ದೊಡ್ಡ ಹಡಗುಗಳ ದಾರಿಯನ್ನೂ 2022ರ ಒಂದು ಅಧ್ಯಯನ ಒಂದರ ಮೇಲೊಂದು ಇಟ್ಟು ನೋಡಿತು. ಶಾರ್ಕ್‌ಗಳು ಓಡಾಡುವ ನೀರಿನ ಶೇ 90ಕ್ಕೂ ಹೆಚ್ಚು ಭಾಗದಲ್ಲಿ ಹಡಗುಗಳೂ ಓಡಾಡುತ್ತವೆ. ಹಡಗಿಗೆ ಬಡಿದು ಸತ್ತ ಶಾರ್ಕ್ ಮುಳುಗಿಹೋಗುವುದರಿಂದ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವು ಸೇರುವ ತಿಂಗಳುಗಳಲ್ಲಿ ವೇಗ ತಗ್ಗಿಸಿದರೆ ಎಷ್ಟೋ ಉಳಿಯುತ್ತವೆ.

ನಮ್ಮ ಕುಣಿಯುವ ಕಪ್ಪೆಗೆ ಇಂಥ ಚುಕ್ಕೆಯ ಗುರುತೂ ಇಲ್ಲ, ಬೆನ್ನಿಗೆ ಟ್ಯಾಗ್ ಕಟ್ಟುವಷ್ಟು ಮೈಯೂ ಇಲ್ಲ. ಕಪ್ಪೆಯನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ ಎಂಬ ಗಾದೆ ಎಣಿಸಲು ಹೊರಟವರಿಗೂ ಒಪ್ಪುತ್ತದೆ. ಹಳ್ಳದ ಅಂಚಿನಲ್ಲಿ ಗಂಟೆಗಟ್ಟಲೆ ಕೂತು ಕೂಗು ಕೇಳಿ, ಕಾಲು ಚಾಚುವುದನ್ನು ಕಾದು ಲೆಕ್ಕ ಹಾಕಬೇಕು.

ಪ್ರಶ್ನೆ: ನಮ್ಮ ಅಡಿಕೆ ತೋಟದ ಮಗ್ಗುಲಲ್ಲೇ ಹಳ್ಳ. ಕೊಳೆರೋಗಕ್ಕೆ ಬೋರ್ಡೊ ಹೊಡೆಯದೆ ಗತಿಯಿಲ್ಲ. ಮಳೆ ಹೋದ ಮೇಲೆ ಹಳ್ಳಕ್ಕೆ ಪಂಪು ಇಡುತ್ತೇವೆ. ಹಾಗಾದರೆ ಕಪ್ಪೆಗಳನ್ನು ಕೊಲ್ಲುತ್ತಿರುವವರು ನಾವೇ?
— ಕೃಷಿಕರು, ಶಿರಸಿ

ಉತ್ತರ: ಕಪ್ಪೆಯನ್ನು ಬಲೆ ಹಾಕಿ ಹಿಡಿಯುವವರು ಇಲ್ಲಿಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆ ಕಾಲುಗಳು ಟನ್‌ಗಟ್ಟಲೆ ರಫ್ತಾಗುತ್ತಿದ್ದವು. 1987ರಲ್ಲಿ ಅದಕ್ಕೆ ನಿಷೇಧ ಬಂತು. ಹಾಗೆ ಹೋಗುತ್ತಿದ್ದುದೂ ಗದ್ದೆಯ ದೊಡ್ಡ ಕಪ್ಪೆಗಳು. ಕುಣಿಯುವ ಕಪ್ಪೆ ಸಾಯುವುದು ಮನೆ ಕಳೆದುಕೊಂಡು. ಹಾಗಾಗಿ ಶಾರ್ಕ್‌ಗೆ ನೆರವಾದಂಥ ಬೇಟೆ ನಿಷೇಧದ ಕಾಯ್ದೆಯೊಂದೇ ಇದನ್ನು ಉಳಿಸಲಾರದು. ಉಳಿಸುವ ಶಕ್ತಿ ಹಳ್ಳದ ಪಕ್ಕದಲ್ಲಿರುವ ನಿಮ್ಮಂಥವರ ಕೈಯಲ್ಲಿದೆ. ತೋಟ ಬಿಡಿ ಎಂದು ನಾನು ಹೇಳುವುದಿಲ್ಲ. ನಾಲ್ಕು ವಿಷಯ ಗಮನದಲ್ಲಿಡಿ.

ಮೊದಲನೆಯದು ನೆರಳು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಆ ಚರ್ಮ ಒಣಗಬಾರದು. ಹಳ್ಳದ ಎರಡೂ ದಡದ ಮರಗಳನ್ನು ಬಿಟ್ಟರೆ ನೀರು ತಂಪಾಗಿರುತ್ತದೆ, ಬಂಡೆ ಒದ್ದೆಯಾಗಿರುತ್ತದೆ. ಸೊಪ್ಪಿನ ಬೆಟ್ಟವನ್ನು ಬೋಳಾಗಲು ಬಿಡಬೇಡಿ. ಅಲ್ಲಿ ಇಂಗಿದ ಮಳೆಯೇ ಬೇಸಿಗೆಯಲ್ಲಿ ಹಳ್ಳವಾಗಿ ಬರುವುದು.

ಎರಡನೆಯದು ಬೋರ್ಡೊಗೆ ಹಾಕುವ ಮೈಲುತುತ್ತ. ಅದರಲ್ಲಿರುವ ತಾಮ್ರ ಕಪ್ಪೆ ಮರಿಗೆ ವಿಷ. ಬೋರ್ಡೊ ದ್ರಾವಣವನ್ನು ಹಳ್ಳದ ದಡದಲ್ಲಿ ಕಲಸಬೇಡಿ, ಡ್ರಮ್ಮು ಮತ್ತು ಗಟಾರ್ ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ತೊಳೆದ ನೀರು ತೋಟದ ಮಣ್ಣಲ್ಲೇ ಇಂಗಲಿ.

ಮೂರನೆಯದು ಪಂಪು. ಮಳೆಯ ಅಬ್ಬರ ಇಳಿದ ಮೇಲೆ ಈ ಕಪ್ಪೆಗಳು ಮೊಟ್ಟೆಯಿಡುತ್ತವೆ. ತೋಟಕ್ಕೆ ನೀರು ಬೇಕಾಗುವುದೂ ಆಮೇಲೆಯೇ. ಪಂಪು ನಿಲ್ಲಿಸಬೇಕಾಗಿಲ್ಲ, ಹಳ್ಳದ ಹರಿವು ಕಡಿಯದಷ್ಟು ಬಿಟ್ಟು ಎತ್ತಿದರೆ ಸಾಕು.

ನಾಲ್ಕನೆಯದು ಜೆಸಿಬಿ. ಹೂಳೆತ್ತುವ ನೆಪದಲ್ಲಿ ಹಳ್ಳದ ತಳದ ಮರಳು, ಕಲ್ಲನ್ನು ಬಾಚಿದರೆ ಒಂದು ತಲೆಮಾರಿನ ಮರಿಗಳು ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತವೆ.

ನಿಮ್ಮ ಜಿಲ್ಲೆಯದೇ ಇನ್ನೊಂದು ಕಪ್ಪೆಯ ಕಥೆ ಕೇಳಿ. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಗಂಡು ಕಪ್ಪೆಯೊಂದು ತಳದಿಂದ ಕೆಸರು ತಂದು, ಮೊಟ್ಟೆಗಳಿಗೆ ಕೈಯಾರೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕೆ ಇಟ್ಟ ಹೆಸರು ಕುಂಬಾರ ಕಪ್ಪೆ. ಇಷ್ಟು ದೊಡ್ಡ ಗುಟ್ಟು ನಿನ್ನೆ ಮೊನ್ನೆಯವರೆಗೆ ನಮ್ಮ ಹಿತ್ತಲಲ್ಲೇ ಅಡಗಿತ್ತು. ನಿಮ್ಮ ಹಳ್ಳದಲ್ಲಿ ಏನಿದೆಯೋ ಯಾರು ಬಲ್ಲರು?

ಪ್ರಶ್ನೆ: ಇಷ್ಟೆಲ್ಲ ಕಷ್ಟ ಯಾಕೆ? ಶಾರ್ಕನ್ನು ಅಕ್ವೇರಿಯಂನಲ್ಲಿ, ಕಪ್ಪೆಯನ್ನು ಪ್ರಯೋಗಾಲಯದಲ್ಲಿ ಸಾಕಿ ಮರಿ ಮಾಡಿಸಿ ಬಿಡಬಹುದಲ್ಲ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಶಾರ್ಕ್ ವಿಷಯದಲ್ಲಿ ಇದು ಆಗದ ಮಾತು. ಜಪಾನಿನ ಓಕಿನಾವಾ ಮತ್ತು ಅಮೆರಿಕದ ಜಾರ್ಜಿಯಾದ ದೊಡ್ಡ ಅಕ್ವೇರಿಯಂಗಳಲ್ಲಿ ವೇಲ್ ಶಾರ್ಕ್‌ಗಳನ್ನು ಇಟ್ಟಿದ್ದಾರೆ. ಆದರೆ 1,900 ಮೀಟರ್ ಆಳಕ್ಕೆ ಇಳಿಯುವ, ಸಾಗರವನ್ನೇ ದಾಟುವ ಪ್ರಾಣಿಗೆ ಯಾವ ತೊಟ್ಟಿ ಸಾಕಾದೀತು? ಕಾಡು ಕಡಲಲ್ಲೂ ವೇಲ್ ಶಾರ್ಕ್ ಮರಿ ಹಾಕುವುದನ್ನು ಈವರೆಗೆ ವಿಜ್ಞಾನಿಗಳು ಕಣ್ಣಾರೆ ಕಂಡಿಲ್ಲ.

ಕಪ್ಪೆಯ ವಿಷಯದಲ್ಲಿ ಕೆಲವೊಮ್ಮೆ ಆಗುತ್ತದೆ. ದಕ್ಷಿಣ ಅಮೆರಿಕದ ಡಾರ್ವಿನ್ ಕಪ್ಪೆಯ ಗಂಡು ಮರಿಗಳನ್ನು ತನ್ನ ಗಂಟಲ ಚೀಲದಲ್ಲಿ ಹೊತ್ತು ಬೆಳೆಸುತ್ತದೆ. ಚಿಲಿ ದೇಶದ ಕಾಡಿಗೆ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ನುಗ್ಗಿದಾಗ 53 ಕಪ್ಪೆಗಳನ್ನು ಲಂಡನ್ ಮೃಗಾಲಯಕ್ಕೆ ತಂದರು. ಅಲ್ಲಿ 11 ಗಂಡುಗಳು 33 ಮರಿಗಳನ್ನು ಹೊರಹಾಕಿದ ಸುದ್ದಿ 2025ರಲ್ಲಿ ಬಂತು. ಇದೇ ರೋಗದಿಂದ ಜಗತ್ತಿನಲ್ಲಿ 501 ಉಭಯಚರ ಪ್ರಭೇದಗಳು ಇಳಿಮುಖವಾಗಿವೆ, ಅವುಗಳಲ್ಲಿ 90 ಅಳಿದೇಹೋದವೆಂದು ಅಂದಾಜು. ಅಂಥ ಕಡೆ ಸಾಕುವುದು ಅನಿವಾರ್ಯ. ಪಶ್ಚಿಮ ಘಟ್ಟದಲ್ಲಿ ಈ ಶಿಲೀಂಧ್ರ ಕಂಡುಬಂದಿದ್ದರೂ ಆ ಬಗೆಯ ಸಾಮೂಹಿಕ ಸಾವಿನ ವರದಿಯಿಲ್ಲ. ನಮ್ಮ ಕಪ್ಪೆಯ ದೊಡ್ಡ ಕಾಯಿಲೆ ಒಣಗುವ ಹಳ್ಳ. ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸಿ ಕೊನೆಗೆ ಬಿಡಬೇಕಾದ್ದು ಹಳ್ಳಕ್ಕೇ. ಆ ಹಳ್ಳವೇ ಇಲ್ಲದ ಮೇಲೆ ಎಲ್ಲಿಗೆ ಬಿಡುತ್ತೀರಿ?

ಪ್ರಶ್ನೆ: ಮನುಷ್ಯರಿಗೇ ಕುಡಿಯುವ ನೀರಿಲ್ಲದ ದೇಶದಲ್ಲಿ ಕಪ್ಪೆ, ಶಾರ್ಕ್ ಎಂದು ಹಣ ಸುರಿಯುವುದು ಸರಿಯೇ? ಒಂದನ್ನೇ ಉಳಿಸಬಹುದು ಎಂದಾದರೆ ನೀವು ಯಾವುದನ್ನು ಆರಿಸುತ್ತೀರಿ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಉತ್ತರ: ಕುಡಿಯುವ ನೀರಿನ ಮಾತೆತ್ತಿದ್ದು ಒಳ್ಳೆಯದಾಯಿತು. ಕುಣಿಯುವ ಕಪ್ಪೆಗೆ ಬೇಕಾದದ್ದು ವರ್ಷವಿಡೀ ಹರಿಯುವ ಶುದ್ಧ ಹಳ್ಳ. ಅಂಥ ಹಳ್ಳಗಳು ಕೂಡಿಯೇ ತುಂಗೆ, ಭದ್ರೆ, ಶರಾವತಿ, ಕಾವೇರಿ ಆಗುವುದು. ಕಪ್ಪೆಗೆಂದು ಉಳಿಸಿದ ನೀರು ಬಯಲು ಸೀಮೆಯ ನಲ್ಲಿಗೂ ಬರುತ್ತದೆ. ಆರೋಗ್ಯದ ಮಾತೂ ಇದೆ. ಕೋಸ್ಟರಿಕಾ ಮತ್ತು ಪನಾಮಾದಲ್ಲಿ ಕೈಟ್ರಿಡ್ ರೋಗದಿಂದ ಕಪ್ಪೆಗಳು ಸತ್ತ ಊರುಗಳಲ್ಲಿ ಮುಂದಿನ ಕೆಲವು ವರ್ಷ ಮಲೇರಿಯಾ ಹೆಚ್ಚಿದ್ದನ್ನು 2022ರ ಅಧ್ಯಯನ ತೋರಿಸಿದೆ. ಸೊಳ್ಳೆಯನ್ನೂ ಸೊಳ್ಳೆ ಮರಿಯನ್ನೂ ತಿನ್ನುವವರು ಹೋದ ಮೇಲೆ ಬೇರೇನಾದೀತು?

ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ತುರ್ತು ಕಪ್ಪೆಯದು, ತಾಳ್ಮೆ ಶಾರ್ಕ್‌ನದು. ನಾಳೆ ಬೆಳಿಗ್ಗೆ ಒಂದು ರಸ್ತೆಯೋ ಅಣೆಕಟ್ಟೋ ಬಂದರೆ ಒಂದು ಕಪ್ಪೆ ಪ್ರಭೇದ ಶಾಶ್ವತವಾಗಿ ಹೋಗಬಹುದು. ಆದ್ದರಿಂದ ಇವತ್ತಿನ ಯೋಜನೆಯ ನಕ್ಷೆಯಲ್ಲಿ ಮೊದಲು ಕಪ್ಪೆಯ ಹಳ್ಳವನ್ನು ಗುರುತಿಸಿ ಬಿಡಬೇಕು. ಶಾರ್ಕ್ ಒಂದೇ ಏಟಿಗೆ ಅಳಿಯುವುದಿಲ್ಲ, ಒಂದೇ ವರ್ಷದಲ್ಲಿ ಚೇತರಿಸಿಕೊಳ್ಳುವುದೂ ಇಲ್ಲ. 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕ ವರ್ಷ ಹುಟ್ಟಿದ ಮರಿಗಳು ಮರಿ ಹಾಕುವ ವಯಸ್ಸಿನ ಹೊಸ್ತಿಲಿಗೆ ಬರುತ್ತಿರುವುದೇ ಈಗ. ಇನ್ನೂ ಒಂದು ತಲೆಮಾರು ನಾವು ಕೈ ಬಿಗಿಹಿಡಿಯಬೇಕು. ಒಂದಕ್ಕೆ ಇಂದೇ ಆಗಬೇಕಾದ ಕೆಲಸ, ಇನ್ನೊಂದಕ್ಕೆ ಬಹುಕಾಲ ನಡೆಯಬೇಕಾದ ಕೆಲಸ. ಎರಡರಲ್ಲಿ ಒಂದನ್ನು ಬಿಡಬೇಕಾದ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ತುಂಗಾ ನದಿ ಹತ್ತಿರ ಕಪ್ಪೆ ಶಂಕರ ಇದೆ. ಬಿಸಿಲಲ್ಲಿ ಹೆರಿಗೆ ನೋವು ಬಂದ ಕಪ್ಪೆಗೆ ನಾಗರಹಾವು ಹೆಡೆ ಎತ್ತಿ ನೆರಳು ಕೊಟ್ಟಿತಂತೆ. ಆದರೆ ಹಾವು ಕಪ್ಪೆಯನ್ನು ತಿನ್ನುತ್ತದೆ ಅಲ್ವಾ ಮೇಡಂ?
— ಐದನೇ ತರಗತಿ, ಶೃಂಗೇರಿ

ಉತ್ತರ: ಮಗೂ, ತಿನ್ನುತ್ತದೆ. ಕಪ್ಪೆ ಹೆರುವುದೂ ಇಲ್ಲ, ಮೊಟ್ಟೆ ಇಡುತ್ತದೆ. ಹಾಗಿದ್ದರೂ ಆ ಕಥೆಯಲ್ಲಿ ಒಂದು ಮಾತು ಪೂರ್ತಿ ನಿಜ: ಮರಿ ಮಾಡುವ ಹೊತ್ತಿನಲ್ಲಿ ಕಪ್ಪೆಗೆ ಬೇಕಾದದ್ದು ನೆರಳು. ಶಂಕರಾಚಾರ್ಯರು ಆ ನೋಟ ಕಂಡೇ ನಿಮ್ಮ ಊರನ್ನು ಆರಿಸಿಕೊಂಡರು ಎನ್ನುತ್ತಾರೆ. ಹಸಿದ ಹಾವೂ ನೆರಳು ಕೊಟ್ಟ ಜಾಗ ಅದು.

ಗುಜರಾತಿನ ಮೀನುಗಾರರು ಶಾರ್ಕನ್ನು ತವರಿಗೆ ಬಂದ ಮಗಳು ಎಂದರು. ನಿಮ್ಮ ಊರಿನ ಹಿರಿಯರು ಕಪ್ಪೆಯನ್ನು ಹೆಡೆಯ ನೆರಳಿನ ಬಾಣಂತಿ ಎಂದರು. ಎರಡೂ ಕಡೆ ಹೇಳಿದ್ದು ಒಂದೇ: ಮರಿ ಹಾಕಲು ಬಂದ ಜೀವವನ್ನು ಮುಟ್ಟಬೇಡಿ.

ಈ ಮಳೆಗಾಲ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಹತ್ತಿರದ ಹಳ್ಳಕ್ಕೆ ಹೋಗು. ದಡದಲ್ಲಿ ಸದ್ದು ಮಾಡದೆ ಅರ್ಧ ಗಂಟೆ ಕೂತುಕೋ. ಒದ್ದೆ ಕಲ್ಲಿನ ಮೇಲೆ ಬಿಳಿಯದೊಂದು ಮಿಂಚಿತೇ ನೋಡು. ಮಿಂಚಿದರೆ ಆ ದಿನಾಂಕ, ಆ ಜಾಗ ಬರೆದು ನನಗೆ ಕಳಿಸು. ಆ ಹಳ್ಳದ ದಡದಲ್ಲಿ ಎಷ್ಟು ಮರಗಳಿವೆ ಎಂಬುದನ್ನೂ ಎಣಿಸಿ ಬರೆ. ದೊಡ್ಡವರಿಗೂ ನನ್ನ ಕೋರಿಕೆ ಇದೇ: ಆ ಮರಗಳ ಲೆಕ್ಕ ಮುಂದಿನ ವರ್ಷ ಒಂದೂ ಕಡಿಮೆಯಾಗದಂತೆ ನೋಡಿಕೊಳ್ಳಿ.